ಗಿರಣಿ ಸ್ಟೇಷನ್ನಿನ ಕಾಟಾ, ನನ್ನ ಕಾಲ ಹೆಬ್ಬಟ್ಟು

ಮನಷ್ಯಾನ ಮೈಯಾಗ ಯಾರೂ ಹೊಗಳದೇ ಇರೋ ಅಂಗ ಅಂದ್ರ ಕಾಲ ಹೆಬ್ಬಟ್ಟು. ಕಣ್ಣಿಗೆ ಕಾಡಿಗಿ ಅದ, ಕಿವಿಗೆ ಬೆಂಡೋಲಿ ಅದ, ಮೂಗಿಗೆ ಮೂಗುತಿ ಅದ. ಹೋಗ್ಲಿ, ಹೆಬ್ಬಟ್ಟಿನ ಬಾಜೂಕ ಇರೋ ಬಟ್ಟಿಗೂ ಕಾಲುಂಗುರ ಅದ. ಹೆಬ್ಬಟ್ಟಿಗೆ ಮಾತ್ರ ಏನೂ ಇಲ್ಲ. ಕಲ್ಲಿಗೆ ಎಡವಿ ಉಗುರು ಕಿತ್ತಾಗಷ್ಟೇ ಅದು ಇದ್ದದ್ದು ನೆನಪಾಗ್ತದ. ನಾನು ಹಂಥಾ ಅನ್ಯಾಯ ಮಾಡಾಂವಲ್ಲ. ನನ್ನ ಎಡಗಾಲ ಹೆಬ್ಬಟ್ಟು ಮೂವತ್ತು ವರ್ಷ ಗಿರಣಿ ಸ್ಟೇಷನ್ನಿನ್ಯಾಗ ನನ್ನ ಜೋಡಿ ಡ್ಯೂಟಿ ಮಾಡ್ಯಾದ. ಒಂದಿನ ರಜಾ ಕೇಳಿಲ್ಲ. ಯಾರ ಕಣ್ಣಿಗೂ ಬಿದ್ದಿಲ್ಲ. ಈಗ ಎಪ್ಪತ್ತೊಂದನೇ ವಯಸ್ಸಿನ್ಯಾಗ, ರಿಟೈರ್ ಆಗಿ ಆರಾಮ ಕುಂತಾಗ, ಅದೇ ಹೆಬ್ಬಟ್ಟು ನನ್ನ ಮನಿ ಒಡಿಯೋ ತನಕ ಬಂದಿತ್ತು. ಬಚಾವಾದೆ. ಬಚಾವಾದ ಖುಷಿ ಹೊಟ್ಟ್ಯಾಗ ಇಟ್ಕೊಳ್ಳಾಕ ಆಗವಲ್ದು, ಅದಕ್ಕ ನಿಮ್ಮ ಮುಂದ ಹೇಳಾಕತ್ತೀನಿ. ನೀವು ಯಾರ ಮುಂದೂ ಹೇಳಬ್ಯಾಡ್ರಿ. ಹೇಳಿದ್ರೂ ಏನಾಗಂಗಿಲ್ಲ, ಈಗ ಎಲ್ಲಾರಿಗೂ ಗೊತ್ತದ.

ಗಿರಣಿ ಸ್ಟೇಷನ್ ಅಂದ್ರ ಕಲಬುರಗಿ ದೊಡ್ಡ ಸ್ಟೇಷನ್ ಅಲ್ರೀ. ಅಲ್ಲಿ ಬಿಡ್ರಿ, ಬಂದೋರಿಗೆ ಹೋದೋರ ಗುರ್ತಿಲ್ಲ, ಹೋದೋರಿಗೆ ಬಂದೋರ ಗುರ್ತಿಲ್ಲ. ನಮ್ದು ಊರ ಅಂಚಿಗೆ, ಹಳೇ ಬಟ್ಟಿ ಗಿರಣಿಗೂ ತೊಗರಿ ಬೇಳಿ ಮಿಲ್ಲುಗಳಿಗೂ ನಡುವ ಕುಂತಿರೋ ಸಣ್ಣ ಸ್ಟೇಷನ್. ನಿಜಾಮನ ಕಾಲದ್ದು. ಶಹಾಬಾದ ಕಲ್ಲಿನ ನೆಲ, ಕಮಾನಿನ ಬಾಗಿಲಾ, ಎರಡಾಳೆತ್ತರದ ಛತ್ತು. ಬ್ಯಾಸಗ್ಯಾಗ ಒಳಗ ಹೋಗಿ ನಿಂತ್ರ ಮಣ್ಣಿನ ಗಡಗಿಯೊಳಗ ನಿಂತಂಗ ತಂಪು. ನಾನು ನೌಕರಿಗೆ ಸೇರಿದಾಗ ಗಿರಣಿ ಭೋಂಗಾ ಹೊಡದದ್ದು ಕೇಳಿ ನಮ್ಮ ಮಾಸ್ತರು ಸ್ಟೇಷನ್ನಿನ ಗಡಿಯಾರ ತಿದ್ದತಿದ್ರು. ಗಿರಣ್ಯಾಗಿನ ಮುಕಾದಮ್ ನಮ್ಮ ಗಡಿಯಾರ ನೋಡಿ ಭೋಂಗಾ ಹೊಡಸ್ತಿದ್ದ. ಹಿಂಗ ಇಬ್ಬರೂ ಒಬ್ಬರನ್ನೊಬ್ಬರು ನಂಬಿಕೊಂಡು ಇಡೀ ಮೊಹಲ್ಲಾನ್ನ ಹತ್ತು ಮಿನಿಟು ಹಿಂದ ಇಟ್ಟಿದ್ರು. ಯಾರಿಗೂ ತ್ರಾಸ ಆಗಿರಲಿಲ್ಲ, ಯಾಕಂದ್ರ ಗಾಡಿನೂ ಹತ್ತು ಮಿನಿಟು ತಡಾನೇ ಬರ್ತಿತ್ತು. ಈಗ ಗಿರಣಿ ಬಂದ್ ಆಗಿ ಭೋಂಗಾ ಸುಮ್ಮನಾಗ್ಯಾದ. ಸ್ಟೇಷನ್ನಿಗೆ ಮಾತ್ರ ನಸೀಬು ತಿರಗ್ಯಾದ. ಗ್ವಾಡಿಗೆ ಬಣ್ಣಾ ಬಳದು, ಇದು ಹಳೇ ಕಾಲದ ಸ್ಟೇಷನ್ ಅಂತ ಮೂರು ಭಾಷಾದಾಗ ಬೋರ್ಡ್ ಹಚ್ಚ್ಯಾರ. ಯಾರು ಕಟ್ಟಿಸಿದ್ರು, ಯಾವ ಕಲ್ಲು, ಎಷ್ಟು ಕಮಾನು, ಎಲ್ಲಾ ಬರದಾರ. ನನ್ನ ಹೆಸರು ಎಲ್ಲೂ ಇಲ್ಲ. ಇರಲಿ, ಬೋರ್ಡ್ ಸಣ್ಣದದ.

ನಂದು ಪಾರ್ಸಲ್ ಆಫೀಸಿನ್ಯಾಗ ತೂಕ ಮಾಡೋ ಕೆಲಸ. ಅಲ್ಲಿ ಒಂದು ಕಾಟಾ ಅದ, ಈಗ್ಲೂ ಅದ. ನೆಲಕ್ಕ ಸಮ ಕುಂತ ಕಬ್ಬಿಣದ ಹಲಗಿ, ಅದರ ತಲಿ ಕಡೆ ಒಂದು ಕಂಬ, ಕಂಬದ ಮ್ಯಾಲೆ ಎರಡೂ ಕಡಿಂದ ಕಾಣೋ ಗಡಿಯಾರದಂಥಾ ದುಂಡನ ಮುಖ, ಅದಕ್ಕೊಂದೇ ಮುಳ್ಳು. ಪಾರ್ಸಲ್ ಆಫೀಸ್ ಮುಚ್ಚಿದ ಮ್ಯಾಲೆ ಇದನ್ನ ಒಯ್ಯಾಕ ಆರು ಮಂದಿ ಬಂದು, ಎತ್ತಾಕ ಆಗದೇ, ಪ್ಲಾಟ್‌ಫಾರ್ಮಿನ ಅಂಗಡ್ಯಾಗ ಚಹಾ ಕುಡದು ಹೋದ್ರು. ಬಣ್ಣಾ ಬಳಿಯೋರು ಬಂದಾಗ ಅದಕ್ಕೂ ಬಳದು ಹೋಗ್ಯಾರ.

ಈ ಕಾಟಾದ ಮ್ಯಾಲೆ ಹತ್ತಿ, ಬೇಳಿ, ಬಾಳೆಗೊನಿ ಎಷ್ಟು ತೂಗಿದ್ದೆನೋ, ಅಷ್ಟೇ ಕೂಸುಗಳನ್ನೂ ತೂಗೀನಿ. ನಗಬ್ಯಾಡ್ರಿ, ನಮ್ಮ ಗಿರಣಿ ಲೈನಿನ ಪದ್ಧತಿ ಅದು. ಸೊಸಿ ಬಾಣಂತನ ಮುಗಿಸಿ ತವರಿನಿಂದ ಕೂಸು ಎತ್ಕೊಂಡು ಬಂದ್ರ, ಗಾಡ್ಯಾಗ ಬರಲಿ, ಬಸ್ಸಿನ್ಯಾಗ ಬರಲಿ, ಟಾಂಗಾದಾಗ ಬರಲಿ, ಮೊದಲ ಕಾಟಾ, ಆಮ್ಯಾಲೆ ಮನಿ. ತಾಯಿ ಕೂಸು ಎತ್ಕೊಂಡು ಒಮ್ಮೆ ನಿಲ್ಲಬೇಕು. ಕೂಸು ಬ್ಯಾರೇದವರ ಕೈಯಾಗ ಕೊಟ್ಟು ಒಬ್ಬಾಕಿನೇ ಇನ್ನೊಮ್ಮೆ ನಿಲ್ಲಬೇಕು. ಅದರಾಗ ಇದು ಕಳದ್ರ ಕೂಸಿನ ತೂಕ. ಅದನ್ನ ನಾನು ಪಾರ್ಸಲ್ ಚೀಟಿ ಮ್ಯಾಲೆ ಬರದು ಕೊಡ್ತಿದ್ದೆ, ಅವರು ತೊಟ್ಟಲ ಹಗ್ಗಕ್ಕ ಕಟ್ತಿದ್ರು. ಈ ಚೀಟಿ ಅಂದ್ರ ತವರು ಮನಿಯ ಪರೀಕ್ಷಾ ರಿಜಲ್ಟು. ತೂಕ ಛಲೋ ಬಂದ್ರ ಹುಡಗಿ ಅವ್ವ ಎದಿ ಎತ್ಕೊಂಡು ಬೀಗರ ಮನಿ ಹೊಸ್ತಿಲ ದಾಟತಿದ್ಲು. ಕಮ್ಮಿ ಬಂದ್ರ ಅಲ್ಲೇ ಪ್ಲಾಟ್‌ಫಾರ್ಮಿನ ಮ್ಯಾಲೇ ಶುರು: "ಏನ್ ತಿನಿಸಿರೀ ಬೀಗತಿ, ಬರೇ ಗಾಳಿ?"

ಎಷ್ಟು ಮಂದಿ ಹುಡಗ್ಯಾರ ಅವ್ವಂದಿರು ಮಾರಿ ಸಣ್ಣದು ಮಾಡ್ಕೊಂಡು ನಿಂತದ್ದು ನೋಡೀನಿ. ಒಂದಿನ ನನ್ನ ಮನಸ್ಸು ತಡೀಲಿಲ್ಲ. ಮನಸ್ಸು ತಡೀದಿದ್ರ ಕೈ ಕಾಲು ಸುಮ್ಕ ಇರ್ತಾವೇನು? ಮುಳ್ಳು ಓದಾಂವ ನಿಲ್ಲೋ ಜಾಗಾ ಕಂಬದ ಹಿಂದ, ಹಲಗಿ ಅಂಚು ಅಲ್ಲಿ ತನಕ ಬರ್ತದ. ಹಿಂಬಡ ನೆಲದ ಮ್ಯಾಲೆ ಇಟ್ಟು, ಹೆಬ್ಬಟ್ಟು ಅಷ್ಟೇ ಹಲಗಿ ಅಂಚಿಗೆ ಒತ್ತಿದ್ರ ಮುಳ್ಳು ಮುಂದ ಹೋಗ್ತದ. ಕೂಸಿನ ಜೋಡಿ ನಿಂತಾಗ ಒತ್ತೋದು, ತಾಯಿ ಒಬ್ಬಾಕಿನೇ ನಿಂತಾಗ ಬಿಡೋದು. ಒಂದು ಕಿಲೋ ಬೇಕಂದ್ರ ಒಂದು, ಒಂದೂವರೆ ಬೇಕಂದ್ರ ಒಂದೂವರೆ. ಕೂಸಿನ ಮಾರಿ ನೋಡಿ, ಅಜ್ಜೀದು ನೋಡಿ, ಅತ್ತಿ ಬಾಯಿ ಎಷ್ಟು ದೊಡ್ಡದದ ಅಂತ ನೋಡಿ ಕೊಡ್ತಿದ್ದೆ. ಸಿತಾರ್ ಬಾರಿಸೋರ ಬಟ್ಟಿಗೆ ಶಾಲು ಹೊದಿಸ್ತಾರ, ನನ್ನ ಬಟ್ಟಿಗೆ ಬರೇ ಚಪ್ಪಲಿ.

ನಾನು ಬರೇ ಪುಣ್ಯದ ಲಬಾಡತನ ಮಾಡಾಂವ ಅಂತ ತಿಳೀಬ್ಯಾಡ್ರಿ. ಬ್ಯಾರೆ ನಮೂನಿವೂ ಮಾಡೀನಿ. ಸ್ಟೇಷನ್ನಿನ ಚಹಾ ಅಂಗಡಿ ಖಾಜಾಮಿಯಾ ನನ್ನ ದೋಸ್ತ. ಒಮ್ಮೆ ಅಂವ ನಮಾಜಿಗೆ ಹೋಗಿ ಬರೋದ್ರಾಗ ಅವನ ಸೈಕಲ್ಲಿಗೆ ಗೋಣಿ ಸುತ್ತಿ, ಹೊಲದು, ಚೀಟಿ ಹಚ್ಚಿ ವಾಡಿ ಜಂಕ್ಷನ್ನಿಗೆ ಪಾರ್ಸಲ್ ಮಾಡಿಬಿಟ್ಟೆ. ಅಂವ ಮೂರು ದಿನ ಹುಡುಕಿದ. ನಾನೂ ಅವನ ಜೋಡಿ ಹುಡುಕಿದೆ. ಇಂಥಾವು ಎಣಿಸಿದ್ರ ಈ ಪ್ರಬಂಧ ವಾಡಿಗೇ ಹೋಗ್ತದ. ಹೇಳೋ ಮಾತೇನಂದ್ರ, ನಮ್ಮ ಮೊಹಲ್ಲಾದಾಗ ನಾನು ಸೂರ್ಯ ಮೂಡ್ಯಾನ ಅಂದ್ರೂ ಮಂದಿ ಕಿಡಕಿ ತಗದು ನೋಡ್ತಾರ.

ಈಗ ಅಸಲಿ ಕಥಿಗೆ ಬರ್ತೀನಿ. ನಮಗೊಬ್ಬನೇ ಮಗ, ಮಲ್ಲು. ಬೇಳಿ ಮಿಲ್ಲಿನ್ಯಾಗ ಮಷೀನು ನೋಡ್ಕೋತಾನ. ಅವನ ಹೇಣ್ತಿ ಗೀತಾ, ಕಮಲಾಪುರದಾಕಿ. ಗಂಡು ಹಡದು, ತವರಿನ್ಯಾಗ ಐದು ತಿಂಗಳ ಬಾಣಂತನ ಮುಗಿಸಿ, ಹೋದ ತಿಂಗಳ ಕಮಲಾಪುರದ ಗಾಡ್ಯಾಗ ಬಂದು ಇಳದ್ಲು. ಆಕಿ ಹಿಂದ ನಮ್ಮ ಬೀಗತಿ ಶರಣಮ್ಮ, ತೊಟ್ಟಲು, ಹಾಸಿಗಿ, ಮತ್ತ ಒಂದು ಆಳುದ್ದದ ಕೆಂಪು ಬಾಳೆಗೊನಿ. ನನ್ನ ಹೇಣ್ತಿ ನಾಗಮ್ಮ ಕೂಸಿನ ಮಾರಿ ನೋಡೋಕ್ಕಿಂತ ಮೊದಲ ಅದರ ತೊಡಿ ಹಿಚುಕಿ ನೋಡಿದ್ಲು.

"ಸಣ್ಣ ಆಗ್ಯಾದಲ್ಲ ಯವ್ವಾ," ಅಂದ್ಲು.

"ಸಣ್ಣ ಏನ್ರೀ! ಎತ್ತಿ ಎತ್ತಿ ನನ್ನ ರಟ್ಟಿ ಬಿದ್ದು ಹೋಗ್ಯಾವ," ಅಂದ್ರು ಬೀಗತಿ.

"ರಟ್ಟಿ ಬಿದ್ದದ್ದು ಬಾಳೆಗೊನಿ ಎತ್ತಿ ಇರಬೇಕ್ರಿ."

ಬೀಗತಿ ಮಾರಿ ಸಣ್ಣದಾತು. ನಾನು ಕಂಬದ ಹಿಂದ ಹೋಗಿ ನಿಂತೆ. ರಿಟೈರ್ ಆದ್ರೇನು, ಇಂಥಾ ದಿನ ಮಂದಿ ಇನ್ನೂ ನನ್ನನ್ನೇ ನಿಲ್ಲಸ್ತಾರ. ಮ್ಯಾಲೆ ಈಗ ಧೋತರ ಬ್ಯಾರೆ. ಖಾಕಿ ಪ್ಯಾಂಟಿನ ಕಾಲದಾಗ ಎಷ್ಟು ಹುಶಾರಿ ಬೇಕಿತ್ತು, ಧೋತರದ ಅಂಚಿನ ಕೆಳಗ ಹೆಬ್ಬಟ್ಟು ಏನ್ ಮಾಡಿದ್ರೂ ಪರದಾದಾಗೇ ಇರ್ತದ. ಸ್ವಂತ ಮೊಮ್ಮಗ, ಕೈ ಬಿಗಿ ಹಿಡಿಯಾಕ ಮನಸ್ಸಾಗಲಿಲ್ಲ. ಒತ್ತಿದೆ.

"ಒಂಬತ್ತು ಕಿಲೋ!" ಅಂದೆ.

ಬೀಗತಿ ಸೆರಗು ಸರಿ ಮಾಡ್ಕೊಂಡು, "ನಮ್ಮ ಕಮಲಾಪುರದ ನೀರು ಹಂಗದರೀ," ಅಂದ್ರು. ನಾಗಮ್ಮ ಮನಿ ಮುಟ್ಟೋ ತನಕ ಪಿಟ್ಟ್ ಅನ್ನಲಿಲ್ಲ. ಮೂವತ್ತಾರು ವರ್ಷದ ಸಂಸಾರದಾಗ ಅಷ್ಟು ಶಾಂತಿ ನಾನು ಕಂಡಿರಲಿಲ್ಲ.

ಒಂದು ತಿಂಗಳ ಆತು. ಕೂಸಿಗೆ ಸೂಜಿ ಹಾಕಸಾಕ ಗೀತಾ, ನಾಗಮ್ಮ, ನಾನು ಜೇವರ್ಗಿ ಕಾಲೋನಿಯ ಒಂದು ದವಾಖಾನಿಗೆ ಹೋದ್ವಿ. ಅಲ್ಲಿನ ಡಾಕ್ಟರಮ್ಮ ಕೂಸಿನ್ನ ಒಂದು ಪಿಳಿಪಿಳಿ ಅನ್ನೋ ಮಷೀನಿನ ಮ್ಯಾಲೆ ಮಲಗಿಸಿದ್ಲು.

"ಏಳು ಕಿಲೋ ಕಾಲು. ಹೋದ ತಿಂಗಳ ಎಷ್ಟಿತ್ತು?"

ಕೂಸಿನ ಸೂಜಿ ಕಾರ್ಡು ಕಮಲಾಪುರದಾಗೇ ಉಳದಿತ್ತು. ಗೀತಾ ಚೀಲದಾಗಿಂದ ನನ್ನ ಚೀಟಿ ತಗದು ಕೊಟ್ಲು. ಡಾಕ್ಟರಮ್ಮ ಅದನ್ನ ಹಿಂದ ಮುಂದ ತಿರಿವ್ಯಾಡಿ ನೋಡಿ, "ಇದೇನ್ರೀ, ಪಾರ್ಸಲ್ಲಾ?" ಅಂದ್ಲು. ಆಮ್ಯಾಲೆ ಅದರ ಮ್ಯಾಲಿನ ಒಂಬತ್ತು ನೋಡಿದ್ಲು. ನಗೋದು ಬಿಟ್ಲು.

"ನೋಡ್ರಿ, ಕೂಸು ಆಡ್ತದ, ನಗ್ತದ, ನನಗೇನೋ ಆರಾಮ ಕಾಣಸ್ತದ. ಆದ್ರ ಒಂದು ತಿಂಗಳದಾಗ ಎರಡು ಕಿಲೋ ಹತ್ರ ಇಳದಿದ್ದು ಖರೇ ಇದ್ರ ನಾನು ಸುಮ್ಕ ಬಿಡಾಕ ಬರಂಗಿಲ್ಲ. ನಾಳೆ ಮುಂಜಾನೆ ಕರ್ಕೊಂಡು ಬರ್ರಿ. ರಕ್ತ ತಗದು ನೋಡೋಣು, ಬೇಕಾದ್ರ ಎರಡು ದಿನ ಇಲ್ಲೇ ಇಟ್ಕೊಳ್ಳೋಣು."

ನಾನು ಅಲ್ಲೇ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ನಾಗಮ್ಮ ಬಾಜೂಕೇ ಇದ್ಲಲ್ಲ. ಆಟೋದಾಗ ಗೀತಾ ಕೂಸಿನ ಅಂಗೈ ಹಿಡ್ಕೊಂಡು ಸುಮ್ಕ ಕಣ್ಣೀರು ಹಾಕಾಕತ್ಲು. ನಾಗಮ್ಮ ಮೊದಲ ಹಾಲಿನ ಮ್ಯಾಲೆ ಸಿಟ್ಟಾದ್ಲು, ಆಮ್ಯಾಲೆ ದೃಷ್ಟಿ ಮ್ಯಾಲೆ, ಆಮ್ಯಾಲೆ ತನ್ನ ಮ್ಯಾಲೆ. "ಒಂಬತ್ತು ಕಿಲೋ ಕೂಸು ನಮ್ಮ ಕೈಯಾಗ ಕೊಟ್ಟಿದ್ರು. ನಾನೇನ್ ಮಾಡಿಬಿಟ್ಟೆ?" ಅಂತ ಆಕಿ ಅಂದಾಗ ನನ್ನ ಹೆಬ್ಬಟ್ಟು ಚಪ್ಪಲ್ಯಾಗೇ ಬೆವತಿತು. ಮನಿಗೆ ಬರೋದ್ರಾಗ ಸುದ್ದಿ ಫೋನಿನ ಮ್ಯಾಲೆ ಕಮಲಾಪುರ ಮುಟ್ಟಿತ್ತು. ಬೀಗತಿ ಕೂಗಿದ್ದು ಫೋನು ಇಲ್ಲದೇನೂ ಕೇಳಸ್ತಿತ್ತು: "ನಾಲ್ಕರ ಗಾಡಿಗೆ ಬರ್ತೀನಿ. ಅದೇ ಗಾಡಿ ಹೊಳ್ಳಿ ಬರ್ತದಲ್ಲ, ಅದ್ರಾಗೇ ನನ್ನ ಮಗಳನ್ನ, ಕೂಸಿನ್ನ ಕರ್ಕೊಂಡು ಹೋಗ್ತೀನಿ. ಗೀತಾಗ ಸ್ಟೇಷನ್ನಿಗೇ ಬಾ ಅನ್ರಿ. ನಿಮ್ಮ ಮನಿ ಹೊಸ್ತಿಲ ತುಳಿಯಂಗಿಲ್ಲ ನಾನು!"

ಇನ್ನ ತಡೀಲಿಕ್ಕೆ ಆಗಲಿಲ್ಲ. ನಾಗಮ್ಮನ್ನ ಅಡಗಿ ಮನ್ಯಾಗ ಕರದು ಹೇಳಿದೆ. "ಕೂಸು ಇಳದಿಲ್ಲ. ಅವತ್ತ ನಾನೇ ಹೆಬ್ಬಟ್ಟು ಇಟ್ಟು ತೂಕ ಏರಿಸಿದ್ದೆ."

"ನಿಮಗ ಇಂಥಾ ಹೊತ್ತಿನ್ಯಾಗೂ ಚ್ಯಾಷ್ಟಿ ಬೇಕೇನ್ರೀ?" ಅಂದ್ಲು. "ಮನ್ಯಾಗ ಮಂದಿ ಅಳಾಕತ್ತಾರ. ನನ್ನ ಮರ್ಯಾದಿ ಉಳಸಾಕ ನೀವು ಸುಳ್ಳು ಹೇಳೋದು ಬ್ಯಾಡ."

ನೋಡ್ರಿ ಹೆಂಗ! ಜೀವನದಾಗ ಒಮ್ಮೆ ಖರೇ ಹೇಳಿದ್ರ ಅದಕ್ಕ ತ್ಯಾಗ ಅಂತ ಹೆಸರು ಬಿತ್ತು. ಗೀತಾಗ ಹೇಳಿದೆ. ಆಕಿ, "ಇರಲಿ ಬಿಡ್ರಿ ಮಾವಾರ, ನೀವು ನಮಗ ಸಮಾಧಾನ ಮಾಡಾಕ ಹೇಳ್ತೀರಿ, ನನಗ ಗೊತ್ತದ," ಅಂತ ಇನ್ನೂ ಜೋರು ಅತ್ಲು.

ಮಲ್ಲು ಮಿಲ್ಲಿನ ಪಾಳಿ ಮ್ಯಾಲಿದ್ದ, ನಾವಷ್ಟೇ ನಾಲ್ಕಕ್ಕ ಸ್ಟೇಷನ್ನಿಗೆ ಹೋದ್ವಿ. ಕಮಲಾಪುರದ ಗಾಡಿ ಬಂತು, ಬೀಗತಿ ಛತ್ರಿ ಊರಿಕೊಂಡು ಇಳದ್ರು. ಗಾಡಿ ದೊಡ್ಡ ಸ್ಟೇಷನ್ನಿಗೆ ಹೋಗಿ ಹೊಳ್ಳಿ ಬರಾಕ ನಲವತ್ತು ಮಿನಿಟು. ಅಷ್ಟ್ರಾಗ ನಾನು ಖರೇ ಹೇಳೀನಿ ಅಂತ ಖರೇ ಮಾಡಬೇಕು, ಇಲ್ಲಂದ್ರ ಸೊಸಿ, ಮೊಮ್ಮಗ ಇಬ್ಬರೂ ಹತ್ತಿ ಹೋಗ್ತಾರ. ಗೀತಾ ಕೂಸು ಎತ್ಕೊಂಡು ಅವ್ವನ ಕಡೆ ಹೋಗಿ ನಿಂತ್ಲು. ನಾಗಮ್ಮ ಈ ಕಡೆ. ನಡುವ ನಾನು.

"ಬೀಗತಿ, ತಪ್ಪು ನಂದು. ಕೂಸು ಅವತ್ತೂ ಏಳೇ ಇತ್ತು," ಅಂದೆ.

"ಹೇಣ್ತಿ ತಪ್ಪು ಮುಚ್ಚಾಕ ನೀವು ಮುಂದ ಬಂದೀರಿ. ಬಾಳ ಛಲೋ ಗಂಡ ನೀವು," ಅಂದ್ರು ಬೀಗತಿ.

ಛಲೋ ಗಂಡ ಅಂತ ನನಗ ಮೊದಲ ಸರ್ತಿ ಅಂದವರು ಅವರೇ, ಆದ್ರ ಖುಷಿ ಪಡೋ ಹೊತ್ತು ಅದಲ್ಲ. ಸಾಕ್ಷಿಗೆ ಖಾಜಾಮಿಯಾನ ಕಡೆ ನೋಡಿದೆ. ಅಂವ ಚಹಾ ಸೋಸಕೋತ, "ನಕ್ಕೋ ಅಕ್ಕಾ, ಇಂವನ ಮಾತು ನಂಬಬ್ಯಾಡ್ರಿ. ನನ್ನ ಸೈಕಲ್ ವಾಡಿಗೆ ಕಳಿಸಿ ನನ್ನ ಜೋಡಿನೇ ಹುಡುಕಿದಾಂವ!" ಅಂದ. ದೋಸ್ತ!

"ನಡೀರಿ ಕಾಟಾಕ್ಕ," ಅಂದೆ.

ಮೊದಲ ಗೀತಾ ಕೂಸು ಎತ್ಕೊಂಡು ನಿಂತ್ಲು, ಆಮ್ಯಾಲೆ ಒಬ್ಬಾಕಿನೇ. ನಾನು ಎರಡು ಮಾರು ದೂರ ನಿಂತೆ. ಕಳದು ನೋಡಿದ್ರ ಏಳು ಕಿಲೋ ಕಾಲು, ಡಾಕ್ಟರಮ್ಮನ ಮಷೀನು ಹೇಳಿದಷ್ಟೇ. ನಾನು ಗೆದ್ದವರಂಗ ನೋಡಿದೆ. ಬೀಗತಿ ಎದಿ ಬಡ್ಕೊಂಡ್ರು. "ಇದೇ ಕಾಟಾದ ಮ್ಯಾಲೆ ಒಂಬತ್ತಿತ್ತಲ್ಲೋ ಯಪ್ಪಾ! ಖರೇನೇ ಇಳದು ಹೋಗ್ಯಾದ ಕೂಸು!"

ಅಯ್ಯೋ, ಇದರಿಂದ ಇನ್ನೂ ಕೆಟ್ಟದ್ದೇ ಆತು. ದೂರ ಸಿಗ್ನಲ್ ಕೆಳಗ ಮಂದಿ ಹಳಿ ದಾಟಿ ಪ್ಲಾಟ್‌ಫಾರ್ಮಿಗೆ ಬರಾಕತ್ತಿದ್ರು. ಗಾಡಿ ಹೊತ್ತಾತು.

"ಗೀತಾ, ಕೂಸು ನಿಮ್ಮವ್ವನ ಕೈಯಾಗ ಇರಲಿ. ನೀ ಒಬ್ಬಾಕಿನೇ ಮತ್ತ ನಿಂದ್ರು. ಬೀಗತಿ, ನೀವು ಮುಳ್ಳು ನೋಡ್ರಿ." ಕಂಬದ ಹಿಂದ ಹೋದೆ. ಮುಳ್ಳು ಐವತ್ತರ ಮ್ಯಾಲಿತ್ತು. ಮೂವತ್ತು ವರ್ಷ ಯಾರಿಗೂ ಕಾಣಬಾರದು ಅಂತ ಮಾಡಿದ ಕೆಲಸ, ಇವತ್ತ ಕಾಣಲಿ ಅಂತ ಮಾಡಬೇಕು. ಒತ್ತಿದೆ. ಅವಸರಕ್ಕ ಜೋರಾತು, ಮುಳ್ಳು ಜಿಗದು ಐವತ್ತೈದಕ್ಕ ಹೋತು.

"ಐದು ಹೋತಲ್ರಿ, ಎರಡಲ್ಲ. ಕಾಟಾನೇ ಕೆಟ್ಟದ ತಗೀರಿ," ಅಂದ್ರು ಬೀಗತಿ.

ಕಾಟಾ ಕೆಟ್ಟದ ಅಂದ್ರ ನಾನು ಸಹಿಸಾಂವಲ್ಲ. ಚಪ್ಪಲಿ ಬಿಟ್ಟೆ, ಬರಿಗಾಲಿಲೆ ಒತ್ತಿದೆ. ಐವತ್ತೆರಡು. ಅಲ್ಲೇ ನಿಂತಿತು ಮುಳ್ಳು, ಕಲ್ಲಿನ್ಯಾಗ ಕೆತ್ತಿದಂಗ. "ಎಷ್ಟು ಬೇಕು ಹೇಳ್ರಿ?" ಅಂದೆ.

"ಒಂದು," ಅಂದ್ರು ಬೀಗತಿ, ಅನುಮಾನದಾಗೇ. ಒಂದು ಕೊಟ್ಟೆ. "ಮೂರು." ಮೂರು ಕೊಟ್ಟೆ. ಆಗ ಬೀಗತಿ ಕಂಬದ ಹಿಂದ ಬಂದು, ಛತ್ರಿ ತುದೀಲೆ ನನ್ನ ಧೋತರದ ಅಂಚು ಎತ್ತಿ, ಬಗ್ಗಿ ನೋಡಿದ್ರು. ಗಾಡಿಗೆ ಕಾದು ನಿಂತ ಮಂದಿನೂ ಬಗ್ಗಿ ನೋಡಿದ್ರು. ನನ್ನ ಹೆಬ್ಬಟ್ಟು, ಉಗುರು ಕರ್ರಗಾಗಿ, ಹಲಗಿ ಅಂಚಿಗೆ ಒರಗಿ ಕುಂತಿತ್ತು.

ಮೊದಲ ನಕ್ಕಾಕಿ ಗೀತಾ. ಅತ್ತು ಅತ್ತು ಬಾತ ಕಣ್ಣಿಲೆ, ಕಾಟಾದ ಮ್ಯಾಲೇ ನಿಂತು, ಹೊಟ್ಟಿ ಹಿಡ್ಕೊಂಡು ನಕ್ಲು. ಮುಳ್ಳು ಕುಣೀತು. ನಾಗಮ್ಮ ಅಲ್ಲೇ ಬೆಂಚಿನ ಮ್ಯಾಲೆ ಕುಸದು ಕುಂತು, "ಏನೂ ಆಗಿಲ್ಲ ನನ್ನ ಕೂಸಿಗೆ," ಅಂತ ನಾಲ್ಕು ಸರ್ತಿ ಅಂದ್ಲು. ಬೀಗತಿ ಮಾತ್ರ ನಗಲಿಲ್ಲ. ಒಂಬತ್ತು ಕಿಲೋ ಅಂತ ಅವರು ಕಮಲಾಪುರದ ಸಂತ್ಯಾಗ ನಿಂತು ಹೇಳಿದ್ರು ಪಾಪ, ಗುರ್ತಿನವರು ಒಬ್ಬರನ್ನೂ ಬಿಟ್ಟಿರಲಿಲ್ಲ. ಕೂಸಿನ ನೆತ್ತಿ ಮೂಸಿ ನೋಡಿದ್ರು. "ಏಳು ಇದ್ರ ಏಳು. ಆರಾಮ ಅದಲ್ಲ, ಅಷ್ಟು ಸಾಕು," ಅಂದ್ರು. ಆಮ್ಯಾಲೆ ದನಿ ಇಳಿಸಿ, "ಕಮಲಾಪುರದಾಗ ಒಂಬತ್ತೇ ಇರಲಿ ಬೀಗರ. ನೀವು ಆ ಕಡೆ ಬಂದಾಗ ಬಾಯಿ ಬಿಡಬ್ಯಾಡ್ರಿ," ಅಂದ್ರು.

ಅಷ್ಟ್ರಾಗ ಹಿಂದಿಂದ ಒಂದು ದಪ್ಪ ದನಿ ಬಂತು. "ಕಾಕಾ, ಹಂಗಾದ್ರ ನಂದು?" ತಿರುಗಿ ನೋಡಿದ್ರ ಹತ್ತುಕಿಲೋ ಸಿದ್ದ. ಬೇಳಿ ಚೀಲ ಹೊರೋ ಹಮಾಲ, ಈಗ ನಲವತ್ತರ ಹತ್ರ ಅದಾನ. ನಾನು ನೌಕರಿಗೆ ಸೇರಿದ ಹೊಸದಾಗ ಅವನ ಅವ್ವಗ ಹತ್ತು ಕಿಲೋ ಅಂತ ಚೀಟಿ ಬರದು ಕೊಟ್ಟವ ನಾನೇ. ಆ ಹೆಸರು ಅವನಿಗೆ ಅಂಟಿ, ಅದೇ ಹೆಸರಿನ ಹುರುಪಿಗೆ ಅಂವ ಎರಡೆರಡು ಚೀಲ ಹೊತ್ತು ಬೆಳದಾನ.

"ನಿಂದು ಖರೇನೋ ಪಾ. ನಿನಗ ಬಟ್ಟು ಹಚ್ಚೋ ಜರೂರತ್ತೇ ಬೀಳಲಿಲ್ಲ," ಅಂದೆ. ಅಂವ ತಲಿ ಎತ್ಕೊಂಡು ಹೋದ. ಅಸಲಿ ತೂಕ ನಿಮಗೂ ಹೇಳಂಗಿಲ್ಲ.

ಗಾಡಿ ಬಂತು, ನಿಂತಿತು, ಹೋತು. ಬೀಗತಿನೂ ಹತ್ತಲಿಲ್ಲ. ನಮ್ಮ ಮನಿ ಹೊಸ್ತಿಲ ತುಳದು, ಎರಡು ದಿನ ಉಳದು, ನಾಗಮ್ಮನ ಕೈಲೆ ಹೋಳಿಗಿ ಮಾಡಿಸ್ಕೊಂಡು ತಿಂದು ಹೋದ್ರು. ಡಾಕ್ಟರಮ್ಮಗ ಗೀತಾ ಫೋನ್ ಮಾಡಿದ್ರ ಆಕಿ ಬಾಳ ಹೊತ್ತು ನಕ್ಕು, ರಕ್ತ ಗಿಕ್ತ ಏನೂ ಬ್ಯಾಡ, ಮುಂದಿನ ತಿಂಗಳ ತೂಕಕ್ಕ ಕರ್ಕೊಂಡು ಬರ್ರಿ, ಅಜ್ಜನ್ನ ಮನ್ಯಾಗ ಬಿಟ್ಟು ಬರ್ರಿ ಅಂದ್ಲಂತ.

ಅವತ್ತ ಸ್ಟೇಷನ್ನಿನಿಂದ ಮನಿಗೆ ನಡಕೋತ ಬರೋವಾಗ ಬೀಗತಿ, ಗೀತಾ, ಕೂಸು ಮುಂದ ಹೋಗಿದ್ರು. ನಾನು ನಾಗಮ್ಮನ ಜೋಡಿ ಹಿಂದ. ಮೂವತ್ತು ವರ್ಷದ ಲಬಾಡತನ ಗೊತ್ತಾಗ್ಯಾದ, ಇನ್ನ ಬೈಗಳ ಸುರುವಾಗ್ತದ ಅಂತ ತಲಿ ಬಗ್ಗಿಸಿದ್ದೆ. ಆಕಿ ಗಿರಣಿ ಗೇಟಿನ ಹತ್ರ ಬಂದಾಗ ನಿಂತ್ಲು.

"ಎಲ್ಲಾರ ಕೂಸಿಗೂ ಬಟ್ಟು ಇಟ್ಟೀರಿ?"

"ಹ್ಞೂಂ. ಬಾಳ ಮಂದೀದಕ್ಕ."

"ಮತ್ತ ನಾನು ಮಲ್ಲ್ಯಾನ್ನ ಎತ್ಕೊಂಡು ತವರು ಮಹಾಗಾಂವದಿಂದ ಬಂದ ದಿನ ಐದೂವರೆ ಕಿಲೋ ಅಂತ ಓದಿದ್ರಲ್ಲ. ನಿಮ್ಮವ್ವ ಅದನ್ನ ಹಿಡ್ಕೊಂಡು ನಮ್ಮವ್ವಗ ಸಾಯೋ ತನಕ ಆಡಿದ್ಲು. ಊರ ಮಂದಿಗೆಲ್ಲಾ ಇಟ್ಟ ಬಟ್ಟು, ಅವತ್ತೊಂದಿನ ಎಲ್ಲಿಗೆ ಹೋಗಿತ್ರೀ?"

ಚಪ್ಪಲ್ಯಾಗ ಕಲ್ಲು ಹೊಕ್ಕಾದ ಅಂತ ನೆಪ ಹೇಳಿ ಬಗ್ಗಿದೆ. ಮಲ್ಲ್ಯಾನ್ನ ತೂಗಿದ ದಿನ ಕಂಬದ ಹಿಂದ, ನನ್ನ ಎಡಗಾಲ ಮಗ್ಗಲೇ, ನಮ್ಮವ್ವ ನಿಂತಿದ್ಲು. ಇಡೀ ಮೊಹಲ್ಲಾನ್ನ ಆಡಿಸಿದ ನಾನು ಅವ್ವಗ ಅಂಜಿ ಹೆಬ್ಬಟ್ಟು ಎತ್ತಲಿಲ್ಲ. ಇದನ್ನ ನಾಗಮ್ಮಗ ಇನ್ನೂ ಹೇಳಿಲ್ಲ. ಹೇಳಿದ್ರೂ ಆಕಿ ನಂಬಂಗಿಲ್ಲ, ನಂಬಿದ್ರ ಇನ್ನೂ ಕಷ್ಟ.